ಕೊಂಡಿ ಹಾಕುವ ಮುದುಕಿ

"ಮೇಷ್ಟ್ರೇ, ಆರು ತಂಡಗಳೂ ತಮ್ಮ ಪಾಲಿನ ಕೆಲಸ ಮುಗಿಯಿತು ಎಂದಿವೆ. ಜೋಡಿಸುವುದೊಂದೇ ಬಾಕಿ. ಹಾಗಾದರೆ ನಮ್ಮ ಕೆಲಸ ಎಷ್ಟು ಮುಗಿದಂತಾಯಿತು?" ಎಂದು ಮಂದಾಕಿನಿ ಕೇಳಿದಳು.

ಜಿಲ್ಲೆಯ ಆಂಬುಲೆನ್ಸ್‌ಗಳನ್ನೆಲ್ಲ ಒಂದೇ ಜಾಲಕ್ಕೆ ತರುವ ಸಾಫ್ಟ್‌ವೇರ್ ಅವಳ ಹೊಣೆ. ಉದ್ಘಾಟನೆಗೆ ಒಂದು ವಾರವಿತ್ತು, ಆಹ್ವಾನ ಪತ್ರಿಕೆ ಅಚ್ಚಾಗಿತ್ತು. ಅಂದಿಗೆ ಹಳೆಯ ವ್ಯವಸ್ಥೆ ನಿಲ್ಲುತ್ತದೆ. ಹೊಸದು ಕೈಕೊಟ್ಟರೆ ಕರೆದವರ ಮನೆಗೆ ಗಾಡಿ ಬರುವುದಿಲ್ಲ. ಆದರೂ ಅವಳಿಗೆ ಅಳುಕಿರಲಿಲ್ಲ. ತನಗೆ ಕೆಲಸ ಕಲಿಸಿದ ಮೇಷ್ಟ್ರಿಂದ ಒಂದು ಭೇಷ್ ಪಡೆದು ಹೋಗಲು ಬಂದಿದ್ದಳು.

"ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೀರಿ," ಎಂದು ಮೇಷ್ಟ್ರು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಸೀರೆ ವ್ಯಾಪಾರಿಯಿದ್ದ. ಕೊಟ್ಟ ಮಾತಿಗೆ ತಪ್ಪದವನೆಂದು ಹೆಸರಾಗಿದ್ದ. ಅವನ ಊರಿನ ಸೀರೆಗೆ ಒಡಲಿನ ಎಳೆ ಹತ್ತಿಯದು, ಸೆರಗಿನ ಎಳೆ ರೇಷ್ಮೆಯದು. ನೇಯುವ ಮೊದಲು ಒಬ್ಬ ಮುದುಕಿ ಮಗ್ಗದ ಬಳಿ ಕೂತು, ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಸಿಕ್ಕಿಸಿ ಕೊಂಡಿ ಹಾಕುತ್ತಿದ್ದಳು. ಅದಕ್ಕೆ ಇಡೀ ದಿನ ಬೇಕು. ಅಲ್ಲಿಯತನಕ ಮಗ್ಗ ಸುಮ್ಮನಿರಬೇಕು.

ದೊಡ್ಡ ಮನೆತನದ ಮದುವೆಗೆ ನಲವತ್ತು ಸೀರೆ ಬೇಕೆಂಬ ಬೇಡಿಕೆ ಬಂತು. ವ್ಯಾಪಾರಿ ಒಪ್ಪಿಕೊಂಡ. ಸುಮ್ಮನಿರುವ ಮಗ್ಗ ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಒಡಲು ನೇಯಲು ಒಂದು ಕೇರಿಗೆ ಹೇಳಿದ, ಸೆರಗು ನೇಯಲು ಇನ್ನೊಂದು ಕೇರಿಗೆ ಹೇಳಿದ, ಕೊಂಡಿ ಕಡೆಗಿರಲಿ ಎಂದ. ಗಡುವಿಗೆ ಮೊದಲೇ ಎರಡೂ ಬಂದವು. ಹುಡುಕಿದರೂ ಒಂದು ಎಳೆಯೂ ತಪ್ಪಿರಲಿಲ್ಲ. ವ್ಯಾಪಾರಿ ಮೀಸೆ ತಿರುವಿಕೊಂಡು ಎರಡನ್ನೂ ಮುದುಕಿಯ ಮುಂದಿಟ್ಟ.

"ಇನ್ನ ಕೊಂಡಿ ಹಾಕವ್ವಾ," ಎಂದ.

ಮುದುಕಿ ಬಟ್ಟೆಯನ್ನು ತಿರುವಿ ನೋಡಿ ಕೆಳಗಿಟ್ಟಳು. "ಕೊಂಡಿ ಹಾಕೂದು ಎಳಿಗೆ, ಸಾವಕಾರ್ರ, ಬಟ್ಟಿಗಲ್ಲ. ನೇಯ್ದ ಮ್ಯಾಲ ಎಳಿ ಎಲ್ಲಿ ಸಿಗತಾವ?"

ಬಿಚ್ಚಿ ಮತ್ತೆ ನೇಯಿಸಲು ದಿನವಿರಲಿಲ್ಲ. ವ್ಯಾಪಾರಿ ದರ್ಜಿಯನ್ನು ಕರೆಸಿ ಸೆರಗನ್ನು ಒಡಲಿಗೆ ಹೊಲಿಸಿದ. ಮದುವೆಮನೆಯಲ್ಲಿ ಹೆಣ್ಣಿನ ಸೋದರತ್ತೆ ಸೀರೆಯ ಮೇಲೆ ಬೆರಳಾಡಿಸಿದಳು. ಬೆರಳು ಹೊಲಿಗೆಗೆ ಎಡವಿತು. ನಲವತ್ತೂ ಸೀರೆ ವಾಪಸ್ಸು ಬಂದವು. ತಮ್ಮದು ಸರಿಯಾಗಿದೆ ಎಂದು ಒಡಲು ನೇಯ್ದವರು ಹೇಳಿದರು, ಸೆರಗು ನೇಯ್ದವರೂ ಹೇಳಿದರು. ಇಬ್ಬರ ಮಾತೂ ನಿಜವಾಗಿತ್ತು. ಮಾತು ತಪ್ಪಿದವನು ವ್ಯಾಪಾರಿ ಒಬ್ಬನೇ. ನಾಚಿಕೆಗೆ ಅವನು ಮತ್ತೆ ಆ ಮನೆಯವರ ಬೀದಿ ತುಳಿಯಲಿಲ್ಲ.

ಕತೆ ನಿಂತಿತು. ಮಂದಾಕಿನಿ ಇನ್ನೂ ಸೋಲೊಪ್ಪಲಿಲ್ಲ. "ನಾವು ಒಂದೊಂದು ಭಾಗವನ್ನೂ ಪರೀಕ್ಷೆ ಮಾಡಿ ನೋಡಿದ್ದೇವೆ, ಮೇಷ್ಟ್ರೇ. ಆರೂ ಗಟ್ಟಿಯಾಗಿವೆ."

"ಇರಲಮ್ಮ, ಮುದುಕಿಯನ್ನು ಯಾವಾಗ ಕೂರಿಸಿದ್ದೆ, ನೇಯುವ ಮೊದಲೋ, ನೇಯ್ದ ಮೇಲೋ?" ಎಂದು ಮೇಷ್ಟ್ರು ಕೇಳಿದರು.