ಬೆಟ್ಟ ಇಳಿಸೋ ಜಾಗ

ಬಾಗಿಲು ಸ್ವಲ್ಪ ಮುಂದಕ್ಕೆ ತಳ್ಳಿ. ಇದು ನಿಮ್ಮ ಕಿವಿಗೆ ಮಾತ್ರ. ನಾಳೆ ಯಾರಾದರೂ ಕೇಳಿದರೆ ಹೇಳಿದ್ದು ನಾನಲ್ಲ, ಆಣೆ ಮಾಡಿ.

ಹೊಳೆದಂಡೆ ಆಶ್ರಮದಲ್ಲಿ ದಾಳ ಉರುಳುತ್ತೆ.

ಹೂಂ, ಆಶ್ರಮದಲ್ಲೇ. ಹಾಡಹಗಲಲ್ಲಿ, ಜಗಲಿ ಮೇಲೆ.

ಜೂಜಲ್ಲ, ಅಷ್ಟು ಪುಣ್ಯ. ಗಿಡ್ಡ ಮೇಜಿನ ಸುತ್ತ ಕೂತು ಕಥೆ ಕಟ್ಟೋ ಆಟ. ಒಬ್ಬರು ಮಣೆ ಮೇಲೆ ಕೂತು ಕಥೆ ನಡೆಸುತ್ತಾರೆ. ಮಿಕ್ಕವರು ಒಬ್ಬೊಬ್ಬರೂ ಒಂದೊಂದು ಪಾತ್ರ. ‘ನಾನು ಹೀಗೆ ಮಾಡ್ತೀನಿ’ ಅಂತ ಪಾತ್ರ ಹೇಳಬೇಕು. ಆಗುತ್ತೋ ಇಲ್ಲವೋ ಅಂತ ಅನುಮಾನ ಬಂದರೆ ದಾಳ ತೀರ್ಮಾನ ಮಾಡುತ್ತೆ.

ಆ ಮಣೆ ಮೇಲೆ ಇಷ್ಟು ವರ್ಷ ಕೂತವರು ಅಮ್ಮಯ್ಯ, ಆಶ್ರಮದ ಹಿರಿಯಮ್ಮ. ಈಗ ಗಂಟಲು ಹೋಗಿದೆ. ಎರಡು ಮಾತಾಡಿದರೆ ಕೆಮ್ಮು. ಶಿಷ್ಯೆ ಇಂದುಮತಿಯನ್ನು ಕರೆದು ಹೇಳಿದರು:

"ನಿನ್ನ ಆಟಕ್ಕೆ ಬಂದವರು ಇನ್ನೊಂದು ಸಲ ಬಂದರೆ ಈ ಮಣೆ ನಿನ್ನದು. ಬರದಿದ್ದರೆ ಮಣೆ ಅಟ್ಟಕ್ಕೆ ಹೋಗುತ್ತೆ. ನನ್ನ ಜೊತೆಗೇ ಆಟವೂ ಮುಗೀತು."

ಅಮ್ಮಯ್ಯನ ಕಥೆಗಳಲ್ಲಿ ಬರೋರೆಲ್ಲ ಹರಕು ಕಂಬಳಿಯವರು, ಮೊಂಡು ಕತ್ತಿಯವರು. ಇಂದುಮತಿಗೆ ಅದು ಸಪ್ಪೆ. ಅವಳು ಫೋನಿನಲ್ಲಿ ಊರಿಗೆಲ್ಲಾ ಸಾರಿದಳು: ‘ಮಹಾಶಕ್ತರ ಆಟ. ಬೆಟ್ಟ ಎತ್ತಬಹುದು, ಸಮುದ್ರ ಕುಡಿಯಬಹುದು. ಆಟಗಾರರು ಬೇಕಾಗಿದ್ದಾರೆ.’

ಬಂದರಪ್ಪ ಜನ! ಮನೇಲಿ ಹೆಂಡತಿ ಎದುರು ಉಸಿರೆತ್ತದವರೂ ಮೂರು ಲೋಕ ನಡುಗಿಸೋಕೆ ಬಂದು ಕೂತರು.

ಒಂದು ದಿನ ಬಂದವರು ಇನ್ನೊಂದು ದಿನ ಬರಲಿಲ್ಲ. ಹೊಸಬರು ಬಂದರು, ಅವರೂ ಹೋದರು. ಕೊನೆಗೆ ಹಿಟ್ಟಿನ ಗಿರಣಿ ಚೆಲುವರಾಜು ಆಟದ ಮಧ್ಯದಲ್ಲೇ ಎದ್ದು, ಸಿಟ್ಟಿನಲ್ಲಿ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಇಂದುಮತಿ ಅಳುಮೋರೆ ಹೊತ್ತು ಗುರುವಿನ ಹತ್ತಿರ ಬಂದಳು. ಅಮ್ಮಯ್ಯ ಅವರೆಕಾಯಿ ಸುಲಿಯುತ್ತಿದ್ದರು.

"ಇವತ್ತೂ ಎದ್ದು ಹೋದರು, ಅಮ್ಮಯ್ಯ. ಯಾರೂ ಕೊಡದಷ್ಟು ಶಕ್ತಿ ಕೊಟ್ಟಿದ್ದೆ."

"ಚೆಲುವರಾಜು ಏನು ಮಾಡ್ತೀನಿ ಅಂದ?"

"ರಾಕ್ಷಸನ ಕೋಟೆಗೆ ಅಡ್ಡ ಇರೋ ಬೆಟ್ಟ ಎತ್ತುತ್ತೀನಿ ಅಂದ. ಅದಕ್ಕೆ ಋಷಿ ಶಾಪ ಇದೆ, ಎತ್ತೋಕಾಗಲ್ಲ ಅಂದೆ."

"ಆಮೇಲೆ?"

"ಹಾಗಾದರೆ ಹಾರಿ ದಾಟ್ತೀನಿ ಅಂದ. ಮೇಲೆ ಬೆಂಕಿಮಳೆ ಸುರೀತಿದೆ ಅಂದೆ."

"ಆ ಶಾಪ ಮೊದಲೇ ಇತ್ತೋ?"

ಇಂದುಮತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಅವನು ಬೆಟ್ಟಕ್ಕೆ ಕೈ ಹಾಕಿದ ಮೇಲೆ ಬಂತು."

"ಪಾಪ, ಕರೆದ ತಕ್ಷಣ ಓಡಿಬರೋ ಋಷಿ," ಅಂದರು ಅಮ್ಮಯ್ಯ. "ನಾಳೆ ಊಟಕ್ಕೆ ಬಾ. ಕಾಯಿ ಹೋಳಿಗೆ ಮಾಡ್ತೀನಿ."

ಮಾರನೆ ದಿನ ಬಾಳೆಲೆ ತುಂಬ ಬಡಿಸಿದ್ದರು. ಇಂದುಮತಿ ಹೋಳಿಗೆಗೆ ಕೈ ಹಾಕಿದಳು.

"ಅದು ಬೇಡ, ದೇವರಿಗೆ ಎತ್ತಿಟ್ಟಿದ್ದು."

ಕೋಸಂಬರಿಗೆ ಹಾಕಿದಳು. "ಅದಕ್ಕೆ ಉಪ್ಪು ಬಿದ್ದಿಲ್ಲ, ತಡಿ."

ಅನ್ನಕ್ಕೆ ಹಾಕಿದಳು. "ಸುಡುತ್ತೆ, ಮುಟ್ಟಬೇಡ."

ನೀರಿನ ಲೋಟ ಎತ್ತಿದಳು. "ಊಟಕ್ಕೆ ಮುಂಚೆ ನೀರು ಕುಡೀತಾರೇನೇ?"

ಇಂದುಮತಿ ದಡಕ್ಕನೆ ಎದ್ದಳು.

"ಎಲೆ ಬಿಟ್ಟು ಏಳ್ತಾರೇನೇ ಹುಡುಗಿ? ಎಲ್ಲಾ ಬಡಿಸಿದ್ದೀನಲ್ಲ!"

"ಬಡಿಸಿದ್ದೀರಿ! ತಿನ್ನೋಕೆ ಬಿಟ್ಟಿದ್ದೀರಾ?"

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತು, ಅಷ್ಟು ಜೋರು. ಗುರುವಿಗೆ ಶಿಷ್ಯೆ ಆಡೋ ಮಾತೇ ಅದು!

ಗೇಟಿನ ಚಿಲಕಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ನಿಂತು, ನಿಂತು, ತಿರುಗಿ ಬಂದಳು.

"ಚೆಲುವರಾಜಣ್ಣನೂ ಇದೇ ಮಾತು ಅಂದ," ಅಂದಳು, ತಗ್ಗಿದ ದನಿಯಲ್ಲಿ.

"ತಿನ್ನು," ಅಂದು ಅಮ್ಮಯ್ಯ ಹೋಳಿಗೆ ಮೇಲೆ ತುಪ್ಪ ಹಾಕಿದರು.

ಅರ್ಧ ಹೋಳಿಗೆ ಹೊಟ್ಟೆಗೆ ಹೋದ ಮೇಲೆ ಇಂದುಮತಿಗೆ ಬಾಯಿ ಬಂತು. "ಆದರೂ ಅಮ್ಮಯ್ಯ, ತಡೀದೇ ಇದ್ದರೆ ಅವನು ಬಂದ ತಕ್ಷಣ ಬೆಟ್ಟ ಎತ್ತಿ, ರಾಕ್ಷಸನನ್ನ ಕೊಂದು, ಕಾಫಿ ಕುಡಿದು ಮನೆಗೆ ಹೋಗ್ತಾನೆ. ಆಟ ಎಲ್ಲಿ ಉಳಿಯುತ್ತೆ?"

"ಕೈ ತೊಳ್ಕೋ. ಹೊಳೆಗೆ ಹೋಗೋಣ."

ಮೆಟ್ಟಿಲ ಮೇಲೆ ರತ್ನಮ್ಮ ಹೊದಿಕೆ ಹಿಂಡುತ್ತಿದ್ದಳು. ಅಮ್ಮಯ್ಯ ಕೇಳಿದರು: "ರತ್ನಾ, ಈ ಹೊಳೇನ ತಿರುಗಿಸೋ ಶಕ್ತಿ ನಿನಗೆ ಬಂದರೆ ಎಲ್ಲಿ ಹರಿಸ್ತೀಯೆ?"

"ಇನ್ನೆಲ್ಲಿ? ನಮ್ಮ ಹಿತ್ತಲಿಗೆ."

"ಆಹಾಹಾ!" ಅಂದಳು ಕೆಳಗಿನ ಮೆಟ್ಟಿಲವಳು. "ನಾವೆಲ್ಲ ಮಣ್ಣಲ್ಲಿ ಸ್ನಾನ ಮಾಡೋದಾ?"

"ಬಕೆಟ್ ಹಿಡ್ಕೊಂಡು ನಮ್ಮ ಮನೆಗೆ ಬನ್ನಿ. ಗೇಟು ತೆಗೀತೀನೋ ಇಲ್ಲವೋ ನೋಡೋಣ."

"ನೀನಾ? ಅತ್ತೆಗೇ ಒಂದು ಚೊಂಬು ಬಿಸಿನೀರು ಕೊಡದವಳು ನಮಗೆ ಕೊಡ್ತೀಯಾ?"

ಅಷ್ಟೇ ನೋಡಿ. ಅತ್ತೆ ಬಂದಳು, ಬೇಲಿ ಬಂತು, ಮದುವೆ ಮನೇಲಿ ಮಾಯವಾದ ಬೆಳ್ಳಿ ಬಟ್ಟಲೂ ಬಂತು. ಒಗೆಯೋ ಬಟ್ಟೆ ಒಂದು ಕಡೆ ತೇಲಿಹೋಯಿತು, ಯಾರಿಗೂ ಎಚ್ಚರವಿಲ್ಲ. ಇಂದುಮತಿ ಬಾಯಿ ಬಿಟ್ಟುಕೊಂಡು ನೋಡಿದಳು.

"ಶಕ್ತಿ ಬೇಕಾದವರನ್ನ ಕರೆದೆ ನೀನು," ಅಂದರು ಅಮ್ಮಯ್ಯ. "ಅದು ಯಾರಿಗೆ ಬೇಡ? ಅದನ್ನ ಬಳಸಿದರೆ ಜಗಳಕ್ಕೆ ಬರೋ ಅಕ್ಕಪಕ್ಕದವರು ಇರೋರನ್ನ ಕರಿ."

ಭಾನುವಾರಕ್ಕೆ ರತ್ನಮ್ಮ ಒಪ್ಪಿದಳು. ಚಪ್ಪಲಿ ಬದಲಾಯಿಸೋ ನೆಪ ಮಾಡಿಕೊಂಡು ಇಂದುಮತಿ ಗಿರಣಿಗೂ ಹೋದಳು.

"ಈ ಸಲವೂ ಆ ಋಷಿ ಬರ್ತಾನೇನಮ್ಮ?" ಅಂದ ಚೆಲುವರಾಜು, ಹಿಟ್ಟು ಕೊಡವಿಕೊಳ್ಳುತ್ತಾ.

"ಇಲ್ಲಣ್ಣ. ನಾನು ಯಾವುದನ್ನೂ ತಡೆಯಲ್ಲ. ಎಲ್ಲಿ ಯಾರಿದ್ದಾರೆ ಅಂತ ಹೇಳ್ತೀನಿ, ಅಷ್ಟೇ."

ಈ ಸಲ ಆಟಕ್ಕೆ ಮುಂಚೆಯೇ ಅವಳು ಮೇಜಿನ ಮೇಲೆ ರಂಗೋಲಿ ಹಿಟ್ಟಿನಲ್ಲಿ ಆ ರಾಜ್ಯ ಬರೆದಿದ್ದಳು. ಒಂದೊಂದು ಕೇರಿ, ಒಂದೊಂದು ಮನೆ. ಆಮೇಲೆ ಋಷಿಯನ್ನು ತೂರಿಸೋಕೆ ಸಂದು ಇರಲಿಲ್ಲ.

ಅಮ್ಮಯ್ಯನೂ ಚಾಪೆ ಮೇಲೆ ಬಂದು ಕೂತರು, ಆಡೋಕೆ.

"ನಿಮಗೆ ಯಾವ ಶಕ್ತಿ ಕೊಡಲಿ, ಅಮ್ಮಯ್ಯ?"

"ಏನೂ ಬೇಡ. ಈ ಬೆಟ್ಟ ಎತ್ತೋ ಮಹಾರಾಯನ ಪಕ್ಕದ ಮನೆ ಮುದುಕಿ ನಾನು."

ಆಟ ಶುರುವಾಯಿತು. ರತ್ನಮ್ಮ ಹೊಳೆ ತಿರುಗಿಸಿದಳು. ಚೆಲುವರಾಜು ತೋಳೇರಿಸಿದ. "ಬೆಟ್ಟ ಎತ್ತಿದೆ."

ಇಂದುಮತಿಯ ನಾಲಿಗೆ ತುದಿಗೆ ಶಾಪ ಬಂದೇ ಬಂತು. ನುಂಗಿಕೊಂಡಳು.

"ಎತ್ತಿದೆ. ದಾಳವೂ ಬೇಡ. ಬೆಟ್ಟ ನಿನ್ನ ತಲೆ ಮೇಲಿದೆ. ದಾರಿ ಬಿಟ್ಟಿತು ಅಂತ ನಿಮ್ಮ ಸೈನ್ಯ ಆಗಲೇ ಅದರ ಜಾಗದಲ್ಲಿ ನುಗ್ಗುತ್ತಿದೆ. ಎಲ್ಲಿ ಇಳಿಸ್ತೀಯಣ್ಣ?"

"ಇಲ್ಲಿ, ಬಲಗಡೆ."

"ಇಳಿಸು. ಅದು ಕುಂಬಾರರ ಕೇರಿ."

ಚೆಲುವರಾಜು ಕೈ ಹಿಂದಕ್ಕೆ ತೆಗೆದ. "ಎಡಗಡೆ?"

"ನನ್ನ ಹೊಳೆ ಮೇಲಾ?" ರತ್ನಮ್ಮ ಎದ್ದೇ ನಿಂತಳು. "ಇಳಿಸಿ ನೋಡು, ನಿನ್ನ ಗಿರಣಿಗೆ ಕಾಲಿಡಲ್ಲ ನಾನು!"

"ಹಾಳಾಗಿ ಹೋಗಲಿ, ರಾಕ್ಷಸನ ತಲೆ ಮೇಲೆ?"

ಇಂದುಮತಿ ರಂಗೋಲಿಯ ಕೋಟೆಯ ಮೂಲೆ ತೋರಿಸಿದಳು. ಅಲ್ಲಿ ಸೆರೆಮನೆ ಬರೆದಿತ್ತು. ಸೆರೆಯಲ್ಲಿ ಇದ್ದಿದ್ದು ಅವರ ಕಡೆಯವರೇ.

ಹೊತ್ತು ಇಳಿಯಿತು, ಬೆಟ್ಟ ಇಳಿಯಲಿಲ್ಲ. ಚೆಲುವರಾಜು ಅದನ್ನು ಹೊತ್ತುಕೊಂಡೇ ಮನೆಗೆ ಹೋದ.

ಆ ವಾರ ಗಿರಣಿಯಲ್ಲಿ ರಾಗಿ ಎಲ್ಲಾ ತರಿತರಿ. "ಬೆಟ್ಟ ಇಳಿಸಿದೆಯೇನಪ್ಪಾ?" ಅಂತ ಒಬ್ಬ. "ಕುಂಬಾರರಿಗೆ ಬೇರೆ ಕಡೆ ಮನೆ ಕಟ್ಟಿಕೊಡು," ಅಂತ ಇನ್ನೊಬ್ಬಳು. "ನಿನ್ನ ಕೇರಿ ಕಿತ್ತರೆ ಸುಮ್ಮನಿರ್ತೀಯಾ?" ಅಂತ ಹಿಂದೆ ನಿಂತವನು. ಚೆಲುವರಾಜುವಿನ ಹೆಂಡತಿ ಏನಂದಳು ಗೊತ್ತಾ? "ಮಲಗೋವಾಗಲಾದರೂ ಇಳಿಸ್ರೀ ಅದನ್ನ" ಅಂದಳಂತೆ. ಮಿಕ್ಕಿದ್ದು ನಾನು ಹೇಳಲ್ಲ.

ಮುಂದಿನ ಭಾನುವಾರ ಇಂದುಮತಿ ಗೇಟನ್ನೇ ನೋಡುತ್ತಾ ನಿಂತಿದ್ದಳು.

ಮೊದಲು ಬಂದವನು ಚೆಲುವರಾಜು. ಹಿಂದೆ ರತ್ನಮ್ಮ. ಅವಳ ಹಿಂದೆ, ಯಾರೂ ಕರೆಯದೆ, ಜಗಲಿ ತುಂಬೋ ಅಷ್ಟು ಜನ.

ಅಮ್ಮಯ್ಯ ಮಣೆ ಒರೆಸಿ ಇಟ್ಟರು. "ಕೂತ್ಕೋ. ಇದು ನಿನ್ನದು."

ಇಂದುಮತಿ ಕಣ್ಣೊರೆಸಿಕೊಂಡು ಕೂತಳು.

"ಯೋಚನೆ ಮಾಡಿದೆನಮ್ಮಾ," ಅಂದ ಚೆಲುವರಾಜು. ಮುಖ ಸೊರಗಿತ್ತು. "ಎಲ್ಲಿ ಇಳಿಸಿದರೂ ಯಾರೋ ಇದ್ದಾರೆ. ನನ್ನ ಮನೆ ಮೇಲೇ ಇಳಿಸ್ತೀನಿ."



ಇಂದುಮತಿ ರಂಗೋಲಿ ನೋಡಿದಳು. ಅವನ ಮನೆಗೆ ಒತ್ತಿಕೊಂಡೇ, ಒಂದು ಬೆರಳು ಸಂದಿನಲ್ಲಿ, ಪಕ್ಕದ ಮನೆ. ಬೆಟ್ಟಕ್ಕೆ ಒಂದು ಮನೆ ಸಾಕಾಗುತ್ತಾ? ಅವಳ ನಾಲಿಗೆ ಮೇಲೆ ಈಗ ಇನ್ನೊಬ್ಬ ಋಷಿ ಬಂದ, ವರ ಕೊಡೋನು, ಎಲ್ಲರನ್ನೂ ಉಳಿಸೋನು. ಅವನನ್ನೂ ನುಂಗಿಕೊಂಡಳು.

ಮಣೆ ಮೇಲೆ ಬೆನ್ನು ನೆಟ್ಟಗೆ ಮಾಡಿ, ದನಿ ಗಟ್ಟಿ ಮಾಡಿ ಕೇಳಿದಳು: "ಪಕ್ಕದ ಮನೆ ಅಜ್ಜೀ, ಬೆಟ್ಟ ಇಳೀತಾ ಇದೆ. ಏನು ಮಾಡ್ತೀರಿ?"

ಅಮ್ಮಯ್ಯ ಕೆಮ್ಮು ನಿಲ್ಲಲಿ ಅಂತ ಕಾದರು. ಚೆಲುವರಾಜುವಿನ ಕಡೆ ನೋಡಲಿಲ್ಲ, ಬೆಟ್ಟದ ಕಡೆ ನೋಡಲಿಲ್ಲ. ಇಂದುಮತಿಯ ಮುಖವನ್ನೇ ನೋಡಿ ಅಂದರು:

"ಅವನ ಮನೆ ಇಲ್ಲಿದೆ, ನನ್ನ ಮನೆ ಇಲ್ಲಿದೆ. ಬೆಟ್ಟ ಬಿದ್ದರೆ ಇಬ್ಬರಿಗೂ ನಷ್ಟ. ಈ ರಂಗೋಲೀಲಿ ನಿನ್ನ ಮನೆ ಯಾವುದು, ತಾಯಿ?"