ನೀಲಕ್ಕನ ಎರಡನೇ ಗಂಟು

ಬಿದಿರುಮೆಳೆಗಳ ಆಚೆಗಿನ ಒಂದು ಕಾಡಿನಲ್ಲಿ ಪ್ರಾಣಿಗಳದೇ ಒಂದು ಆಸ್ಪತ್ರೆ ಇತ್ತು. ಆಸ್ಪತ್ರೆ ಎಂದರೆ ಏನು ಮಹಾ, ಒಂದು ಅತ್ತಿಮರ, ಅದರ ಬುಡದಲ್ಲಿ ಹಾಸುಗಲ್ಲು, ಪಕ್ಕದಲ್ಲಿ ಒಲೆ, ಒಲೆಯ ಮೇಲೊಂದು ಮಡಕೆ. ಡಾಕ್ಟರು ಕರಿಮೂತಿಯ ಒಬ್ಬ ಮುದಿ ಮುಸುವ. ಗಾಯ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಮುಳ್ಳುಹಂದಿ ಕೊಟ್ಟ ಮುಳ್ಳುಗಳೇ ಅವರ ಸೂಜಿ. ಆ ಸೂಜಿಗಳನ್ನು ಕುದಿಸುವ ಕೆಲಸ ಮುಂಗುಸಿ ಕೆಂಚಣ್ಣನದು. ಅವನು ಸರಿಯಾಗಿ ಕುದಿಸಿದನೋ ಇಲ್ಲವೋ ಎಂದು ನೋಡುವ ಕೆಲಸ ಅಳಿಲು ನೀಲಕ್ಕನದು.

ನೀಲಕ್ಕ ದಿನವೂ ಹುರುಳಿಕಾಳಿನ ಎರಡು ಪುಟ್ಟ ಗಂಟು ಕಟ್ಟುತ್ತಿದ್ದಳು. ಒಂದನ್ನು ಸೂಜಿಗಳ ಜೊತೆ ಮಡಕೆಗೆ ಹಾಕುತ್ತಿದ್ದಳು. ಇನ್ನೊಂದನ್ನು ಕುದಿಸದೆ ಹಾಗೇ ಇಡುತ್ತಿದ್ದಳು. ಆಮೇಲೆ ಎರಡನ್ನೂ ಒದ್ದೆ ಪಾಚಿಯಲ್ಲಿ ಸುತ್ತಿ ಒಂದು ದಿನ ಕಾಯುತ್ತಿದ್ದಳು. ಮಡಕೆಗೆ ಹೋಗಿ ಬಂದ ಕಾಳು ಮೊಳೆತರೆ ನೀರು ಸಾಕಷ್ಟು ಕುದಿದಿಲ್ಲ ಎಂದರ್ಥ. ಕಾಳೇ ಬದುಕಿದ ಮೇಲೆ ಗಾಯಕ್ಕೆ ಕೀವು ತರುವ ಕಣ್ಣಿಗೆ ಕಾಣದ ಹುಳುಗಳೂ ಬದುಕಿರುತ್ತವೆ.

ಕೆಂಚಣ್ಣನಿಗೆ ಒಲೆಯ ಮುಂದೆ ಕೂರುವುದೆಂದರೆ ಜೀವ ಹೋದ ಹಾಗೆ. ನಾಲ್ಕು ಗುಳ್ಳೆ ಎದ್ದರೆ ಸಾಕು, ಮಡಕೆ ಇಳಿಸಿ ಹುತ್ತದ ಮೇಲೆ ಬಿಸಿಲು ಕಾಯಿಸಲು ಹೊರಡುತ್ತಿದ್ದ. ಎರಡು ಸಲ ಕಾಳು ಮೊಳೆತು ಸಿಕ್ಕಿಬಿದ್ದ. ಆಗ ಒಂದು ಉಪಾಯ ಹೂಡಿದ. ನೀಲಕ್ಕ ಇಲ್ಲದಾಗ ಅವಳ ಬುಟ್ಟಿಯ ಹುರುಳಿಯನ್ನೆಲ್ಲ ಬಿಸಿ ಕಲ್ಲಿನ ಮೇಲೆ ಹದವಾಗಿ ಹುರಿದು ಮತ್ತೆ ತುಂಬಿಟ್ಟ. ಹುರುಳಿ ಮೊದಲೇ ಕಂದು ಬಣ್ಣ, ಹುರಿದರೆ ಯಾರಿಗೆ ಗೊತ್ತಾಗುತ್ತದೆ?

ಇನ್ನು ಉಳಿದಿದ್ದು ಎರಡನೇ ಗಂಟು. ಅದೂ ಮೊಳೆಯದಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ಅದಕ್ಕೂ ಅವನಲ್ಲಿ ದಾರಿ ಇತ್ತು.

"ಅಕ್ಕಾ, ಕುದಿಸದೇ ಇರೋ ಕಾಳು ಮೊಳೆಯುತ್ತೆ ಅಂತ ಯಾರಿಗ್ ಗೊತ್ತಿಲ್ಲ ಹೇಳು? ಅದನ್ನೂ ದಿನಾ ಬಿಚ್ಚಿ ನೋಡ್ತೀಯಲ್ಲ, ನಿಂಗೆ ಬೇರೆ ಕೆಲಸ ಇಲ್ವಾ?" ಎಂದು ಎಲ್ಲರ ಮುಂದೆ ಆಡಿಕೊಂಡ. ಕಾಡೆಲ್ಲ ನಕ್ಕಿತು. ನೀಲಕ್ಕನಿಗೆ ಮುಖ ಎತ್ತಲಾಗಲಿಲ್ಲ. ಅವತ್ತಿನಿಂದ ಅವಳು ಎರಡನೇ ಗಂಟು ಕಟ್ಟುವುದನ್ನೇ ಬಿಟ್ಟಳು.

ಅಲ್ಲಿಂದ ಮುಂದೆ ಒಂದು ಕಾಳೂ ಮೊಳೆಯಲಿಲ್ಲ. ಎಲ್ಲರೂ ಕೆಂಚಣ್ಣನನ್ನು ಹೊಗಳಿದರು. ಆದರೆ ನವಿಲಿನ ಕಾಲಿನ ಹೊಲಿಗೆ ಕೀವು ಕಟ್ಟಿತು. ಮೊಲದ ಬೆನ್ನಿನದೂ ಹಾಗೇ ಆಯಿತು.

ಡಾಕ್ಟರು ತಮ್ಮ ಬೆರಳುಗಳನ್ನೇ ನೋಡುತ್ತಾ ಕುಳಿತರು. "ಕಾಳಂತೂ ಮೊಳೀಲಿಲ್ಲ ನೀಲಕ್ಕ. ಸೂಜಿ ಸರಿಯಾಗೇ ಇದೆ. ಕೆಟ್ಟಿರೋದು ನನ್ನ ಕೈ. ಇನ್ನು ನಾನು ಹೊಲಿಯೋದಿಲ್ಲ" ಎಂದರು.

ಅದೇ ಹೊತ್ತಿಗೆ ಜಿಂಕೆಯೊಂದು ತನ್ನ ಮರಿಯನ್ನು ಕರೆತಂದಿತು. ಮರಿಯ ತೊಡೆ ಮುಳ್ಳಿಗೆ ಸಿಕ್ಕಿ ಸೀಳಿತ್ತು.

"ಹೊಲಿಯಲ್ಲ ಅನ್ನಬೇಡಿ ಡಾಕ್ಟ್ರೇ," ಎಂದಿತು ತಾಯಿ. "ಓಡೋಕಾಗದ ಜಿಂಕೆ ಈ ಕಾಡಲ್ಲಿ ಎಷ್ಟು ದಿನ ಬದುಕುತ್ತೆ?"

ನೀಲಕ್ಕ ಮರಿಯ ಗಾಯ ನೋಡಿದಳು. "ನಾಳೆವರೆಗೆ ಸೊಪ್ಪಿನ ಪಟ್ಟಿ ಕಟ್ಟಿರಿ. ನಂಗೊಂದು ದಿನ ಬೇಕು" ಎಂದಳು. ಯಾರು ನಕ್ಕರೂ ಸರಿಯೆಂದು ಅವತ್ತು ಮತ್ತೆ ಎರಡು ಗಂಟು ಕಟ್ಟಿದಳು.

ಮರುದಿನ ಬಿಚ್ಚಿ ನೋಡಿದಳು. ಕುದಿಸಿದ ಕಾಳು ಮೊಳೆತಿರಲಿಲ್ಲ. ಬಿಸಿನೀರನ್ನೇ ಕಾಣದ ಕಾಳೂ ಮೊಳೆತಿರಲಿಲ್ಲ. ಬುಟ್ಟಿಯಿಂದ ಒಂದು ಕಾಳು ತೆಗೆದು ಕಡಿದಳು. ಹುರಿಗಾಳಿನ ರುಚಿ. ಇಷ್ಟು ದಿನ ಸತ್ತ ಕಾಳಿನ ಸಾಕ್ಷಿ ನಂಬಿಕೊಂಡು ಕೂತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಎರಡನೇ ಗಂಟು ಕಟ್ಟದ ಹಾಗೆ ಮಾಡಿದ್ದು ಯಾರೆಂದು ನೆನಪಾಗಿ, ಅವಳು ಸೀದಾ ಕೆಂಚಣ್ಣನ ಹತ್ತಿರ ಹೋದಳು. ಹಾವಿನ ಜೊತೆ ಕಾದಾಡಿ ಅವನ ಕಿವಿ ಹರಿದು ಎರಡು ದಿನವಾಗಿತ್ತು. ಅವನು ಅದನ್ನು ಡಾಕ್ಟರಿಗೆ ತೋರಿಸಿಯೇ ಇರಲಿಲ್ಲ.

"ಬಾ ಕೆಂಚಣ್ಣ. ನೀನು ಕುದಿಸಿರೋ ಸೂಜಿಯಲ್ಲೇ ಮೊದಲು ನಿನ್ನ ಕಿವಿ ಹೊಲಿಸೋಣ."

"ಬೇಡಕ್ಕ, ಅದೇನು ದೊಡ್ಡ ಗಾಯ ಅಲ್ಲ."

ನೀಲಕ್ಕ ಅವನನ್ನು ಅತ್ತಿಮರದ ಬುಡಕ್ಕೆ ಎಳೆತಂದು ಡಾಕ್ಟರಿಗೆ ಸನ್ನೆ ಮಾಡಿದಳು. ಡಾಕ್ಟರು ಸೂಜಿ ಎತ್ತಿಕೊಂಡರು. ಕೆಂಚಣ್ಣ ಬಾಲ ಮುದುರಿ ಹಿಂದೆ ಹಿಂದೆ ಸರಿದ. ಸೂಜಿ ಕಿವಿಯ ಹತ್ತಿರ ಬಂದಾಗ ತಡೆಯಲಾಗಲಿಲ್ಲ.

"ಆ ಸೂಜಿ ಬೇಡ ಡಾಕ್ಟ್ರೇ. ಅದು ಸರಿಯಾಗಿ ಕುದ್ದಿಲ್ಲ. ಕಾಳೂ ನಾನೇ ಹುರಿದಿಟ್ಟಿದ್ದು" ಎಂದು ಬಾಯಿಬಿಟ್ಟ. ಎಲ್ಲರೂ ಅವನನ್ನೇ ನೋಡಿದರು. ನವಿಲು ತನ್ನ ಕುಂಟುಗಾಲನ್ನು ನೋಡಿಕೊಂಡಿತು. ಕೆಂಚಣ್ಣನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ನೀಲಕ್ಕ ತನ್ನ ಪೊಟರೆಯಿಂದ ಹೊಸ ಕಾಳು ತಂದಳು. ಕೆಂಚಣ್ಣ ಕಣ್ಣಲ್ಲಿ ನೀರು ಸುರಿಸುತ್ತಾ, ಹೊಗೆ ಕುಡಿಯುತ್ತಾ, ಹೇಳಿದಷ್ಟು ಹೊತ್ತೂ ಸೂಜಿ ಕುದಿಸಿದ. ಮರುದಿನ ಒಂದು ಗಂಟಿನಲ್ಲಿ ಕಾಳು ಸುಮ್ಮನೆ ಮಲಗಿತ್ತು. ಇನ್ನೊಂದರಲ್ಲಿ ಬೆಳ್ಳನೆಯ ಮೊಳಕೆ ಇಣುಕಿತ್ತು. ನೀಲಕ್ಕ ಎರಡನ್ನೂ ಡಾಕ್ಟರ ಅಂಗೈಯಲ್ಲಿಟ್ಟಳು.

"ಕೈ ಕೆಟ್ಟಿಲ್ಲ ಡಾಕ್ಟ್ರೇ. ಹೊಲೀರಿ."

ಡಾಕ್ಟರು ಮರಿಯ ತೊಡೆ ಹೊಲಿದರು. ಹತ್ತು ದಿನದಲ್ಲಿ ಕೀವಿಲ್ಲದೆ ಗಾಯ ಮಾಯಿತು. ಜಿಂಕೆಮರಿ ಆಸ್ಪತ್ರೆಯ ಸುತ್ತ ಮೂರು ಸುತ್ತು ಓಡಿ, ನಾಲ್ಕನೆಯ ಸುತ್ತಿನಲ್ಲಿ ಕೆಂಚಣ್ಣನ ಸೌದೆ ರಾಶಿಯನ್ನು ಹಾರಿತು. ಅವನು ಒಲೆ ಬಿಟ್ಟು ಏಳಲಿಲ್ಲ. ಮಡಕೆ ಇನ್ನೂ ಕುದಿಯುತ್ತಿತ್ತು.

ನೀತಿ: ತಪ್ಪನ್ನು ತಪ್ಪೆಂದು ತೋರಿಸಲಾರದ ಪರೀಕ್ಷೆ "ಸರಿ" ಎಂದರೂ ನಂಬಬಾರದು, ಪರೀಕ್ಷೆಯನ್ನೂ ಆಗಾಗ ಪರೀಕ್ಷಿಸಬೇಕು.