ಸವೆಯದ ಲಾಳ

ಶಿಷ್ಯನೊಬ್ಬ ಬಂದು ಕೇಳಿದ: "ಗುರುಗಳೇ, ಗಟ್ಟಿ ಮನಸ್ಸನ್ನು ಎಲ್ಲಿಂದ ತರುವುದು?"

ಅವನು ನೇಕಾರ. ಅವನನ್ನು ಎತ್ತಿ ಸಾಕಿದ ಅಕ್ಕ ತೀರಿಕೊಂಡು ಎಂಟು ತಿಂಗಳಾಗಿತ್ತು. ಬೀದಿಯಲ್ಲಿ ಯಾವುದಾದರೂ ಮಗು ಅಕ್ಕಾ ಎಂದು ಕೂಗಿದರೆ ಮಗ್ಗದ ಮೇಲೆ ಅವನ ಕೈ ನಿಂತುಬಿಡುತ್ತಿತ್ತು. ಓರಗೆಯವರೂ ಸಾವು ಕಂಡವರೇ; ಅವರ ಮಗ್ಗ ನಿಂತಿರಲಿಲ್ಲ. ತಾನು ಮಾತ್ರ ದಿನದಿನಕ್ಕೂ ಸವೆದುಹೋಗುತ್ತಿದ್ದೇನೆ, ಹೀಗೇ ಆದರೆ ಏನೂ ಉಳಿಯುವುದಿಲ್ಲ, ಸವೆಯದೆ ಇರುವುದನ್ನು ಕಲಿಸಿಕೊಡಿ ಎಂದು ಅವನು ಬೇಡಿಕೊಂಡ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಕಮ್ಮಾರನಿದ್ದ. ಕುದುರೆಗಳಿಗೆ ಲಾಳ ಮಾಡಿ ಕಟ್ಟುವುದು ಅವನ ಕೆಲಸ. ಹಳೆಯ ಎತ್ತಿನ ಗಾಡಿಯ ಚಕ್ರಕ್ಕೆ ಸುತ್ತಿದ ಕಬ್ಬಿಣದ ಪಟ್ಟಿಯನ್ನು ಗುಜರಿಯಿಂದ ತಂದು, ಕಾಯಿಸಿ ಬಡಿದು ಲಾಳ ಮಾಡುತ್ತಿದ್ದ. ಅವನ ಅಪ್ಪನೂ ಅದರಲ್ಲೇ ಮಾಡಿದ್ದ. ಆ ಕಬ್ಬಿಣ ಮೆದು. ಕುದುರೆಯ ಕಾಲಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೆ, ತಣ್ಣಗಿರುವಾಗಲೇ ಎರಡು ಪೆಟ್ಟು ಹಾಕಿ ಸರಿಮಾಡಬಹುದಿತ್ತು. ಆದರೆ ಒಂದೂವರೆ ತಿಂಗಳಿಗೆ ಅದು ಸವೆದು ತೆಳ್ಳಗಾಗುತ್ತಿತ್ತು.

ಜಟಕಾ ಓಡಿಸುವ ಸಾಬರೊಬ್ಬರು ಅವನ ಗಿರಾಕಿ. ಅವರಿಗಿದ್ದದ್ದು ಒಂದೇ ಕುದುರೆ. ಅದು ನಡೆದರೆ ಮನೆ ನಡೆಯುತ್ತಿತ್ತು. ಒಂದೂವರೆ ತಿಂಗಳಿಗೊಮ್ಮೆ ಲಾಳ ಕಟ್ಟಿಸಲು ಬರುವರು, ಬಂದಾಗಲೆಲ್ಲ ಒಂದು ಮಾತು ಚುಚ್ಚುವರು. ಒಂದು ಸಲ ಕುಲುಮೆಯ ಮುಂದೆ ನಾಲ್ಕು ಜನ ಕೂತಿದ್ದಾಗ ಸವೆದ ಲಾಳವನ್ನು ಎತ್ತಿ ಹಿಡಿದು, "ಆಚಾರ್ರೇ, ಇದನ್ನು ಬಡಿದಿರೋ, ಲಟ್ಟಿಸಿದಿರೋ? ಹಪ್ಪಳ ಬೇಕಾಗಿದ್ದರೆ ನಮ್ಮ ಮನೆಯಲ್ಲೇ ಮಾಡುತ್ತಿದ್ದರಲ್ಲ" ಅಂದರು. ಕೂತವರು ನಕ್ಕರು. ಕಮ್ಮಾರನೂ ನಕ್ಕ. ಆದರೆ ಆ ಮಾತು ಅವನಿಗೆ ನಾಟಿತು.

ಸವೆಯದ ಲಾಳ ಮಾಡಿಯೇ ತೀರಬೇಕೆಂದು ಅವನು ಗುಜರಿಗೆ ಹೋದ. ಕಬ್ಬಿಣ ಆರಿಸುವಾಗ ಕಮ್ಮಾರರು ಕಣ್ಣಿಗಿಂತ ಕಿವಿಯನ್ನು ನಂಬುತ್ತಾರೆ; ಗಡುಸಾದಷ್ಟೂ ಸದ್ದು ಹೆಚ್ಚು ಹೊತ್ತು ಮೊಳಗುತ್ತದೆ. ಅವನು ಒಂದೊಂದು ತುಂಡನ್ನೂ ಹಗ್ಗಕ್ಕೆ ತೂಗುಹಾಕಿ, ಸುತ್ತಿಗೆಯಿಂದ ತಟ್ಟಿ ಕೇಳಿದ. ಗಾಡಿಯ ಪಟ್ಟಿ ಮಂಕಾಗಿ ಒಂದು ಸದ್ದು ಮಾಡಿ ಸುಮ್ಮನಾಯಿತು. ಮನೆ ಕಟ್ಟುವ ಸರಳು ತುಸು ಹೊತ್ತು ಗುಂಯ್‌ಗುಟ್ಟಿತು. ಲಾರಿಯ ಭಾರ ಹೊರುವ ಕಮಾನಿನ ಪಟ್ಟಿ ಗಂಟೆಯ ಹಾಗೆ ಮೊಳಗಿತು, ಕೈಯಿಟ್ಟು ನಿಲ್ಲಿಸಬೇಕಾಯಿತು. ಅದನ್ನೇ ಕೊಂಡು ತಂದ.

ಕೆಂಪಗೆ ಕಾದರೂ ಆ ಉಕ್ಕು ಬಗ್ಗಲು ಹಟ ಮಾಡಿತು. ಅರ್ಧ ದಿನದ ಕೆಲಸಕ್ಕೆ ಮೂರು ದಿನ ಹಿಡಿಯಿತು. ರೂಢಿಯಂತೆ ಕೊನೆಗೆ ನೀರಿಗೆ ಅದ್ದಿದ. ನೀರು ಕುಡಿದ ಉಕ್ಕು ಇನ್ನೂ ಗಡುಸಾಯಿತು. ಉಜ್ಜಲು ಅರ ಹಾಕಿದರೆ ಅರವೇ ಜಾರಿತು. ಕುದುರೆಯ ಕಾಲಿಗೆ ಹಿಡಿದಾಗ ಅದು ಗೊರಸಿಗೆ ಸರಿಯಾಗಿ ಕೂರಲಿಲ್ಲ. ತಣ್ಣಗೆ ಬಡಿದು ತಿದ್ದುವ ಹಾಗಿರಲಿಲ್ಲ. ಕಮ್ಮಾರ ಲಾಳಕ್ಕೆ ಹೊಂದುವ ಹಾಗೆ ಗೊರಸನ್ನೇ ಹೆರೆದು ಕಟ್ಟಿದ.

ಎರಡು ತಿಂಗಳಾಯಿತು, ಮೂರು ತಿಂಗಳಾಯಿತು. ಲಾಳ ಸವೆಯಲಿಲ್ಲ. ಸಾಬರು ಪೇಟೆಯಲ್ಲೆಲ್ಲ ಕಮ್ಮಾರನನ್ನು ಹೊಗಳಿದರು. ಕುಲುಮೆಯ ಕಡೆಗೆ ಮಾತ್ರ ಬರಲಿಲ್ಲ. ಬರುವ ಕೆಲಸವೇ ಇರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಗಾಡಿ ಕಟ್ಟದೆ ಬರಿಯ ಕುದುರೆಯನ್ನು ನಡೆಸಿಕೊಂಡು ಬಂದರು. ಅದು ಮುಂದಿನ ಎಡಗಾಲನ್ನು ನೆಲಕ್ಕೆ ಊರುತ್ತಿರಲಿಲ್ಲ.

ಕಮ್ಮಾರ ಲಾಳ ನೋಡಿದ. ನಿನ್ನೆ ಕಟ್ಟಿದ ಹಾಗಿತ್ತು. ಮೊಳೆ ನೋಡಿದ. ಒಂದೂ ಅಲುಗಿರಲಿಲ್ಲ. ಸಾಬರು ಹುಲ್ಲನ್ನು ದೂರಿದರು, ರಸ್ತೆಯನ್ನು ದೂರಿದರು, ಯಾರದೋ ಕಣ್ಣು ಬಿದ್ದಿದೆ ಎಂದರು. ಲಾಳವನ್ನು ಅವರು ದೂರಲಿಲ್ಲ. ಉಕ್ಕು ಒಳ್ಳೆಯದು, ಕೆಲಸ ಒಳ್ಳೆಯದು, ಕುದುರೆ ಮಾತ್ರ ಕುಂಟುತ್ತಿತ್ತು.

ಕೊನೆಗೆ ಅವನು ಲಾಳವನ್ನು ಕಿತ್ತ. ಕತ್ತರಿಸದೆ ಬಿಟ್ಟ ಉಗುರಿನ ಹಾಗೆ ಗೊರಸು ಮುಂದಕ್ಕೆ ಬೆಳೆದಿತ್ತು. ಬೆಳೆಯುತ್ತ ಲಾಳವನ್ನೂ ತನ್ನ ಜೊತೆ ಎಳೆದುಕೊಂಡು ಹೋಗಿತ್ತು. ಲಾಳದ ಹಿಂದಿನ ತುದಿ ಹಿಮ್ಮಡಿಯ ಮೆತ್ತನೆಯ ಜಾಗದಲ್ಲಿ ಒತ್ತಿ, ಅಲ್ಲಿ ಕೀವು ಕಟ್ಟಿತ್ತು.

ಆಗ ಅವನಿಗೆ ನೆನಪಾಯಿತು. ಪ್ರತಿ ಸಲವೂ ಹೊಸ ಲಾಳ ಕಟ್ಟುವ ಮುಂಚೆ ಬೆಳೆದ ಗೊರಸನ್ನು ಹೆರೆಯುತ್ತಿದ್ದ. ಕೈ ಅದನ್ನು ತಾನಾಗಿಯೇ ಮಾಡುತ್ತಿತ್ತು. ಅದೊಂದು ಕೆಲಸವೆಂದು ಅವನೂ ಎಣಿಸಿರಲಿಲ್ಲ, ಸಾಬರೂ ಎಣಿಸಿರಲಿಲ್ಲ. ಲಾಳ ಸವೆದಾಗ ಕುದುರೆ ಬರುತ್ತಿತ್ತು. ಬಂದಾಗ ಅದರ ಕಾಲು ಹಗುರಾಗುತ್ತಿತ್ತು.

ಅವನು ಕೀವು ತೆಗೆದು, ಗೊರಸು ಹೆರೆದು, ಬಟ್ಟೆ ಸುತ್ತಿದ. ಕುದುರೆ ಎರಡು ತಿಂಗಳು ಬರಿಗಾಲಲ್ಲಿ ನಿಂತಿತು. ಅಷ್ಟು ದಿನ ಸಾಬರು ಬೇರೆಯವರ ಜಟಕಾ ತೊಳೆದರು.

ಅದು ಮತ್ತೆ ಕಾಲೂರಿದ ಮೇಲೆ ಕಮ್ಮಾರ ಗುಜರಿಗೆ ಹೋದ. ಎಂಥದ್ದು ಬೇಕೆಂದು ಗುಜರಿಯವನು ಕೇಳಿದ. ಬೇಗ ಸವೆಯುವ ಕಬ್ಬಿಣ ಕೊಡು ಎಂದು ಯಾವ ಕಮ್ಮಾರ ತಾನೇ ಕೇಳುತ್ತಾನೆ? ಅವನು ರಾಶಿಯ ಒಂದೊಂದು ಪಟ್ಟಿಯನ್ನೂ ತಟ್ಟಿ ಕೇಳಿ, ಕೊನೆಗೆ ಎಲ್ಲಕ್ಕಿಂತ ಮಂಕಾಗಿ ಸದ್ದು ಮಾಡಿದ ಪಟ್ಟಿಯನ್ನು ಎತ್ತಿಕೊಂಡು ಹೊರಟ. ಪಾಪ, ಆಚಾರಿಗೆ ಕಿವಿ ಮಂದವಾಯಿತು ಎಂದು ಗುಜರಿಯವನು ಪಕ್ಕದವನಿಗೆ ಹೇಳಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ನೇಕಾರನಿಗೆ ಕತೆಯ ತುದಿ ಸಿಗಲಿಲ್ಲ. ಉಕ್ಕಿನಲ್ಲಿ ಕೊರತೆಯಿರಲಿಲ್ಲ. ಕಮ್ಮಾರ ಕೇಡು ಬಯಸಿರಲಿಲ್ಲ. ಸಾಬರು ಕುದುರೆಯನ್ನು ಮಗಳ ಹಾಗೆ ನೋಡಿಕೊಂಡಿದ್ದರು. ಹಾಗಾದರೆ ತಪ್ಪನ್ನು ಎಲ್ಲಿ ಇಡುವುದು? ತಾನು ಕೇಳಿದ್ದು ಮನಸ್ಸಿನ ಮಾತು, ಕೈಗೆ ಬಂದದ್ದು ಕುದುರೆಯ ಕಾಲು. ಅವನು ಕೇಳಿದ: "ಹಾಗಾದರೆ ನಾನು ಹೀಗೇ ಸವೆಯುತ್ತಿರಬೇಕೆ, ಗುರುಗಳೇ?"

ಗುರುಗಳು ಅಂದರು: "ಸವೆಯದೆ ಇದ್ದಿದ್ದರೆ ನೀನು ಇವತ್ತು ಇಲ್ಲಿಗೆ ಬರುತ್ತಿದ್ದೆಯೇನಪ್ಪಾ?"